ಕಿವಿ ಮೇಸ್ತ್ರಿಯ ಫೋನು

ಗ್ಯಾರೇಜಿನಲ್ಲಿ ಆತನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕಿವಿ ಮೇಸ್ತ್ರಿ ಎಂದರೆ ಎಲ್ಲರಿಗೂ ಗೊತ್ತು. ಓಡುವ ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಬಿಚ್ಚಿದರೆ ಅಲ್ಲೇ ಇರುತ್ತಿತ್ತು. ಜಂಬವೂ ಕಮ್ಮಿ ಇರಲಿಲ್ಲ ಬಿಡಿ. ಬಿಚ್ಚಿದ ಮೇಲೆ ಹೇಳುವವರನ್ನು 'ಪೋಸ್ಟ್‌ಮಾರ್ಟಂ ಡಾಕ್ಟ್ರು' ಎಂದು ಆಡಿಕೊಳ್ಳುತ್ತಿದ್ದ.

ಗ್ಯಾರೇಜಿನ ಬಿಲ್ಲು ನೋಡಿಕೊಳ್ಳುವ ಮಗಳು ಅಪ್ಪನ ಫೋನಿನಲ್ಲಿ ಇದನ್ನೆಲ್ಲ ವಿಡಿಯೊ ಮಾಡಿ, ಗ್ಯಾರೇಜಿನ ಹೆಸರಿನಲ್ಲಿ ಖಾತೆ ತೆರೆದು ಜಾಲತಾಣಕ್ಕೆ ಹಾಕಿದಳು. ಜನ ತಮ್ಮ ಗಾಡಿಯ ಸದ್ದನ್ನು ಕಳಿಸತೊಡಗಿದರು, ಆಮೇಲೆ ಗಾಡಿಯನ್ನೇ ತಂದರು. ಬರುಬರುತ್ತಾ ಗಿರಾಕಿಗಳೆಲ್ಲ ಆ ದಾರಿಯಿಂದಲೇ ಬರುವಂತಾಯಿತು.

ಅಷ್ಟರಲ್ಲಿ ಕಿವಿ ಕೈಕೊಟ್ಟಿತು. ಮೊದಲು ಬೆಲ್ಟಿನ ಕೀರಲು ಹೋಯಿತು, ಆಮೇಲೆ ಹೆಂಡತಿಯ ಮಾತಿನಲ್ಲಿ ಅರ್ಧ ಹೋಯಿತು. ಅದರಿಂದ ನಷ್ಟವಿಲ್ಲ ಎಂದು ಮನಸ್ಸಿನಲ್ಲೇ ನಕ್ಕ. ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರೆ ಮಾತ್ರ ಇಂಜಿನ್ನಿನ ನಡುಕ ತಲೆಯೊಳಗೆ ಇಳಿಯುತ್ತಿತ್ತು. ಕೇಳಿದವರಿಗೆ "ಎರಡೂ ಕೈ ಖಾಲಿ ಇರ್ಬೇಕಲ್ಲಪ್ಪ" ಎನ್ನುತ್ತಿದ್ದ. ಗೋಡೆಗೂ ಕಿವಿ ಇರುತ್ತದೆಂದು ಯಾರಿಗೂ ಬಾಯಿಬಿಡಲಿಲ್ಲ. ಬಚ್ಚಲಮನೆಯ ಚಿಲಕ ಹಾಕಿಕೊಂಡು ಫೋನಿನಲ್ಲಿ ಹುಡುಕಿದ, ಕಿವಿಗೆ ಹಾಕಿಕೊಳ್ಳುವ ಯಂತ್ರ ಎಷ್ಟಕ್ಕೆ ಸಿಗುತ್ತದೆಂದು.

ಅವತ್ತಿನಿಂದ ಫೋನು ಬೆನ್ನು ಬಿಡಲಿಲ್ಲ. ಕ್ರಿಕೆಟ್ಟು ನೋಡಿದರೆ ಕಿವಿ ಯಂತ್ರ, ಸುದ್ದಿ ನೋಡಿದರೆ ಕಿವಿ ಯಂತ್ರ. ಯಾರಾದರೂ ನೋಡಿಯಾರೆಂದು ಗಾಬರಿಯಿಂದ ಅದನ್ನು ತೆಗೆಯುವ ಗುರುತು ಹುಡುಕುತ್ತ ನಿಂತರೆ ಮರುದಿನ ಇನ್ನೂ ಎರಡು ಹೆಚ್ಚಾಗುತ್ತಿದ್ದವು.

"ನಮ್ಮ ಪಕ್ಕದಂಗಡಿ ಪೇಂಟರ್‌ಗೆ ಫೋನಲ್ಲಿ ಬರೀ ಮೂಲವ್ಯಾಧಿ ಜಾಹೀರಾತೇ ಬರ್ತವಂತೆ, ಯಾಕಮ್ಮಾ?" ಎಂದು ಮಗಳನ್ನು ಸುತ್ತಿ ಬಳಸಿ ಕೇಳಿದ. ಪಾಪ, ಪೇಂಟರ್ ಗಟ್ಟಿಮುಟ್ಟಾಗಿದ್ದ.

ಮಗಳು ನಕ್ಕಳು. "ಅವರು ಹುಡುಕಿರ್ತಾರಪ್ಪ. ಯಾವುದರ ಮುಂದೆ ಎಷ್ಟು ಹೊತ್ತು ನಿಂತ್ರು ಅಂತಾನೂ ಕಂಪನಿಯವರು ಲೆಕ್ಕ ಇಟ್ಟಿರ್ತಾರೆ. ಇಂಥವರಿಗೆ ಇಂಥ ಚಿಂತೆ ಇದೆ ಅಂತ ಗೊತ್ತಾದ್ರೆ, ಔಷಧಿ ಮಾರೋರು ದುಡ್ಡು ಕೊಟ್ಟು ಅವರ ಮುಂದೇನೇ ಜಾಹೀರಾತು ಹಾಕಿಸ್ತಾರೆ. ಪುಕ್ಸಟ್ಟೆ ಯಾರಪ್ಪ ಕೊಡ್ತಾರೆ?"

"ಹಾಗಾದ್ರೆ ನಮ್ಮ ಖಾತೆನ ತೆಗೆದುಬಿಡು."

"ತೆಗೆದ್ರೆ ನಾಳೆ ಗ್ಯಾರೇಜಿನಲ್ಲಿ ನೊಣ ಹೊಡೀಬೇಕು ಅಷ್ಟೆ."

ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪವಾಯಿತು. ಫೋನು ಬಿಟ್ಟರೆ ಗಿರಾಕಿಯಿಲ್ಲ, ಹಿಡಿದರೆ ಗುಟ್ಟಿಲ್ಲ.

ಹೀಗಿರುವಾಗ ಶಾಲಾ ವ್ಯಾನುಗಳ ಮಾಲೀಕನೊಬ್ಬ ಬಂದ. ಒಂದು ವ್ಯಾನು ತಂದಿದ್ದ. ಮೇಸ್ತ್ರಿ ಇದರ ರೋಗ ಹೇಳಿದರೆ ಉಳಿದವೂ ಇಲ್ಲಿಗೇ ಎಂದ. ಚಳಿಯಲ್ಲಿ ಜೋರಾಗುವ ಸದ್ದಿನ ವಿಡಿಯೊವನ್ನು ಅವನ ಡ್ರೈವರ್ ಗ್ಯಾರೇಜಿನ ಖಾತೆಗೆ ಮೊದಲೇ ಕಳಿಸಿದ್ದ. ಮೇಸ್ತ್ರಿ ಫೋನಿನ ಧ್ವನಿಯನ್ನು ಪೂರ್ತಿ ಏರಿಸಿ ಅದನ್ನು ನೋಡಿದ, ಫೋನನ್ನು ಬೆಂಚಿನ ಮೇಲಿಟ್ಟ, ವ್ಯಾನು ಚಾಲೂ ಮಾಡಿಸಿ ಬಾನೆಟ್ಟಿನೊಳಗೆ ಬಗ್ಗಿದ. ಹಿಡಿ ಕಚ್ಚಿ ಅಲ್ಲಿ ಇಲ್ಲಿ ತಾಗಿಸಿದ. ನೀರಿನ ಪಂಪಿನ ಹತ್ತಿರ ಹಲ್ಲು ಗರಗರ ಎಂದಿತು.

"ಪಂಪಿನ ಬೇರಿಂಗು ಹೋಗಿದೆ ಸಾರ್" ಎಂದು ಗೆಲುವಿನಿಂದ ತಲೆ ಎತ್ತಿದ.

ಯಾರೂ ಆತನ ಕಡೆ ನೋಡುತ್ತಿರಲಿಲ್ಲ. ಮಾಲೀಕ, ಮಗಳು ಇಬ್ಬರೂ ಬೆಂಚಿನತ್ತ ತಿರುಗಿದ್ದರು. ಡ್ರೈವರನ ವಿಡಿಯೊ ಮುಗಿದು, ಫೋನಿನಲ್ಲಿ ಕಿವಿ ಯಂತ್ರದ ಜಾಹೀರಾತಿನ ಮುದುಕನೊಬ್ಬ ಕಿವಿ ಹಿಂದೆ ಕೈ ಇಟ್ಟುಕೊಂಡು ನಗುತ್ತಿದ್ದ. ಅದು ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ ಮೇಸ್ತ್ರಿಗೆ ತಿಳಿಯದು. ಮಾಲೀಕ ಏನೋ ಕೇಳಿದ. ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು.

"ನಾಳೆ ಸಂಜೆ ಕೊಡ್ತೀನಿ ಸಾರ್" ಎಂದ ಮೇಸ್ತ್ರಿ.

ಮಗಳು ವ್ಯಾನಿನ ಇಂಜಿನ್ ಆರಿಸಿದಳು. "ಅಪ್ಪಾ, ಅವರು ಕೇಳಿದ್ದು ಅದಲ್ಲ. ನಿನಗೆ ಕಿವಿ ಕೇಳಿಸಲ್ವಾ ಅಂತ ಕೇಳಿದ್ರು."

"ತಪ್ಪು ತಿಳ್ಕೋಬೇಡಿ ಮೇಸ್ತ್ರಿ, ನನಗೂ ಮಂಡಿನೋವಿನ ಜಾಹೀರಾತು ಬರುತ್ತೆ. ಹುಡುಕಿದ್ರೇನೇ ತಾನೆ ಬರೋದು?" ಎಂದ ಮಾಲೀಕ. ಅವನ ಕೈ ಆಗಲೇ ವ್ಯಾನಿನ ಕೀ ಕಡೆ ಹೋಗಿತ್ತು.

ಮೇಸ್ತ್ರಿ ಧಾವಿಸಿ ಫೋನು ಎತ್ತಿಕೊಂಡ. ಗ್ರೀಸು ಮೆತ್ತಿದ ಬೆರಳಿನಿಂದ ಮುದುಕನನ್ನು ಒರೆಸಿಹಾಕಲು ನೋಡಿದ. ಬೆರಳು ಎಲ್ಲೋ ತಾಗಿತು. 'ನಿಮ್ಮ ಆಸಕ್ತಿಗೆ ಧನ್ಯವಾದ, ನಮ್ಮವರು ಈಗಲೇ ಕರೆ ಮಾಡುತ್ತಾರೆ' ಎಂಬ ಅಕ್ಷರಗಳು ಮೂಡಿದವು.

ವ್ಯಾನು ಗೇಟು ದಾಟಿತು. ಅಂಗೈಯಲ್ಲಿ ಫೋನು ನಡುಗತೊಡಗಿತು. ರಿಂಗು ಮಗಳಿಗೆ ಕೇಳಿಸುತ್ತಿತ್ತು, ಪಕ್ಕದ ಅಂಗಡಿಯ ಪೇಂಟರ್‌ಗೂ ಕೇಳಿಸಿ ಅವನು ತಿರುಗಿ ನೋಡಿದ.