ಕೈಯ ತಡ, ಯಂತ್ರದ ತಡ

ನನ್ನ ಹೆಂಡತಿಯ ತಮ್ಮನ ಎಡಗೈ ನಿಧಾನವಾಗಿದೆ ಎಂಬುದನ್ನು ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ವೈದ್ಯರು ಹೇಳಿದ್ದರು, ಅವನ ಅಕ್ಕ ಹೇಳಿದ್ದಳು, ಕೊನೆಗೆ ಅವನೂ ಹೇಳತೊಡಗಿದ್ದ. ಎಲ್ಲರೂ ಒಂದೇ ಮಾತನ್ನು ಹೇಳುವಾಗ ನನಗೆ ಮೊದಲು ಬರುವುದು ಅನುಮಾನ. ಸೂಳೆಕೆರೆಯನ್ನು ಕಟ್ಟಿಸಿದವರು ಯಾರೆಂದು ನಮ್ಮ ಚನ್ನಗಿರಿಯಲ್ಲಿ ಯಾರನ್ನು ಕೇಳಿದರೂ ಕಥೆ ಹೇಳುತ್ತಾರೆ; ನಿಮಗೆ ಹೇಗೆ ಗೊತ್ತು ಎಂದರೆ ಮಾತ್ರ ಸಿಟ್ಟಾಗುತ್ತಾರೆ. ಆ ಪ್ರಶ್ನೆಯನ್ನು ಕೇಳುತ್ತಲೇ ನಾನು ಮುದುಕನಾದೆ.

ಅವನು ಹೊನ್ನಾಳಿಯಿಂದ ನ್ಯಾಮತಿಯ ಮೇಲೆ ಸವಳಂಗಕ್ಕೆ ಹೋಗುವ ಖಾಸಗಿ ಬಸ್ಸಿನ ಚಾಲಕನಾಗಿದ್ದ. ಲಕ್ವ ಹೊಡೆದು ಎಡಗೈ, ಎಡಗಾಲು ಸೋತ ಮೇಲೆ ನಮ್ಮ ಮನೆಗೆ ಬಂದ. ಕಾಲು ಬಹುಮಟ್ಟಿಗೆ ಸುಧಾರಿಸಿತು. ಕೈಗೆ ಕೆಲಸವಿರಲಿ ಎಂದು ನನ್ನ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಒಂದು ಆಟವನ್ನು ಹಾಕಿಕೊಟ್ಟೆ. ಮೇಜಿನ ಅಂಚಿಗೆ ಬಿಗಿಯುವ ಸ್ಟೇರಿಂಗ್ ಚಕ್ರವನ್ನೂ ತಂದೆವು. ಯಾವುದೋ ದೇಶದ ಗುಡ್ಡದ ಊರು, ಯಾರೋ ಪ್ರಯಾಣಿಕರು. ಕಂಡಕ್ಟರ್ ಇಲ್ಲದ ಬಸ್ಸಿಗೆ ಸೀಟಿ ಹೊಡೆಯುವವರಾರು ಎಂದು ಮೊದಲ ದಿನ ನಕ್ಕಿದ್ದ. ಆಮೇಲೆ ನಗುವುದನ್ನು ಬಿಟ್ಟು ಓಡಿಸತೊಡಗಿದ.

ಆ ಊರಿನ ನಿಲ್ದಾಣಕ್ಕೆ ತಿರುಗುವ ಕಡೆ ಬಸ್ಸು ಪ್ರತಿ ಸಲವೂ ಹೊರಗಿನ ಗೋಡೆಗೆ ಬಡಿಯುತ್ತಿತ್ತು. ಚಕ್ರ ತಿರುಗಿಸಿದ ಮೇಲೆ ಒಂದು ಗಳಿಗೆ ಬಿಟ್ಟು ಬಸ್ಸು ತಿರುಗುತ್ತಿತ್ತು. ಅವನು ಚಕ್ರವನ್ನು ಬಿಟ್ಟು ಎಡಗೈಯನ್ನು ನೋಡಿಕೊಳ್ಳುತ್ತಿದ್ದ.

ನಾನು ಅದೇ ಯಂತ್ರದಲ್ಲಿ ಚಿತ್ರ ಬರೆಯುತ್ತೇನೆ. ಮೊದಲು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವನು ನಾನು. ಇಂಗ್ಲಿಷ್ ಅಕ್ಷರಗಳನ್ನು ಬರೆಯುತ್ತಲೇ ಕಲಿತೆ, ಅರ್ಥ ಆಮೇಲೆ ಬಂತು. ಫ್ಲೆಕ್ಸ್ ಬಂದ ಮೇಲೆ ಕುಂಚ ಮೂಲೆ ಸೇರಿತು. ಈಗ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ನು ಆಡಿಸಿದರೆ ಪರದೆಯಲ್ಲಿ ಗೆರೆ ಬೀಳುತ್ತದೆ. ದೊಡ್ಡ ಚಿತ್ರಕ್ಕೆ ಅಗಲ ಕುಂಚವನ್ನು ಹಿಡಿದರೆ ಗೆರೆ ಪೆನ್ನಿನ ಹಿಂದೆ ಎಳೆದುಕೊಂಡು ಬರುತ್ತಿತ್ತು. ನನಗೆ ಲಕ್ವ ಹೊಡೆದಿರಲಿಲ್ಲ. ಹಾಗಾದರೆ ಆ ತಡ ಯಾರದು?

ಅವನ ಹಿಂದೆ ಕುರ್ಚಿ ಹಾಕಿಕೊಂಡು ಕೆಲವು ದಿನ ನೋಡಿದೆ. ಖಾಲಿ ರಸ್ತೆಯಲ್ಲಿ ಬಸ್ಸು ಅವನು ಹೇಳಿದಂತೆ ಕೇಳುತ್ತಿತ್ತು. ವಾಹನಗಳೂ ಜನರೂ ತುಂಬಿದ ಊರೊಳಗೆ ಬಂದಾಗ ಮಾತ್ರ ತಡವರಿಸುತ್ತಿತ್ತು. ಚಿತ್ರವನ್ನು ಪರದೆಗೆ ತರುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ; ಯಾವ ವಾಹನ ಎತ್ತ ಹೋಗಬೇಕು, ಯಾರು ರಸ್ತೆ ದಾಟಬೇಕು ಎಂದು ಲೆಕ್ಕ ಹಾಕುವುದು ಪ್ರೊಸೆಸರಿನ ಕೆಲಸ ಎಂದು ಓದಿ ತಿಳಿದಿದ್ದೆ. ಪರದೆಯ ಸ್ಪಷ್ಟತೆಯನ್ನು ಪೂರ್ತಿ ಇಳಿಸಿದರೂ ತಡ ಹೋಗಲಿಲ್ಲ. ಹಾಗಾದರೆ ಕಾರ್ಡಿನ ತಪ್ಪಲ್ಲ. ಪ್ರೊಸೆಸರ್ ಬದಲಿಸೋಣ ಎಂದೆ.

ಅವನು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ.

“ಬ್ಯಾಡ ಭಾವ, ಇದೇ ಇರ್ಲಿ ಬಿಡ್ರಿ,” ಎಂದ. “ಈಗಾದ್ರೆ ತಪ್ಪು ಮಿಷಿನ್ನಿಂದು ಅನ್ನಾಕೆ ದಾರಿ ಐತೆ. ಹೊಸದು ಹಾಕಿದ ಮ್ಯಾಲೂ ಗ್ವಾಡಿಗೆ ಹೊಡೆದ್ರೆ, ಆಗ ಏನು ಅನ್ನಾನ?”

ಅವನ ಭಯ ನನಗೆ ಅರ್ಥವಾಯಿತು, ಆದರೆ ಒಪ್ಪಿಗೆಯಾಗಲಿಲ್ಲ. ಗೊತ್ತಿಲ್ಲದಿರುವುದರಲ್ಲಿ ನೆಮ್ಮದಿಯಿದೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ನನ್ನ ಚಿತ್ರಕ್ಕಾಗಿ ಬೇಕು ಎಂದು ಹೇಳಿ ಹೊರಟೆ. ಅದು ಸುಳ್ಳೂ ಆಗಿರಲಿಲ್ಲ.

ಹೊನ್ನಾಳಿಯ ಕಂಪ್ಯೂಟರ್ ಅಂಗಡಿಯವರು ಕೋರ್ ಹೆಚ್ಚಿದ್ದಷ್ಟೂ ವೇಗ ಹೆಚ್ಚು ಎಂದರು. ಕೋರ್ ಎಂದರೆ ಪ್ರೊಸೆಸರಿನೊಳಗೆ ಒಂದೊಂದು ಕೆಲಸ ಹಿಡಿಯುವ ಆಳು ಎಂದು ಇಟ್ಟುಕೊಳ್ಳಬಹುದು. ನೀವು ಪರೀಕ್ಷೆ ಮಾಡಿ ನೋಡಿದ್ದೀರಾ ಎಂದು ಕೇಳಿದೆ. ಎಲ್ಲರೂ ಹಾಗೇ ಹೇಳುತ್ತಾರೆ ಎಂದರು. ನಾನು ಏನನ್ನೂ ಕೊಳ್ಳದೆ ಬಂದೆ.

ಜಗಳೂರಿನಲ್ಲಿರುವ ನನ್ನ ಅಳಿಯ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಾನೆ. ಅವನ ಯಂತ್ರ ಸ್ವಲ್ಪ ಹಳೆಯದು, ಆದರೆ ಕೋರುಗಳು ಬಹಳ. ನನ್ನ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿ ತೆರೆದು ಅದೇ ಕುಂಚವನ್ನು ಎಳೆದೆ. ಗೆರೆ ಅಲ್ಲಿಯೂ ಹಿಂದೆಯೇ ಬಂತು. ಯಾವ ಕೋರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಕಿಟಕಿಯನ್ನು ಅಳಿಯ ತೆರೆದ. ಒಂದೇ ಒಂದು ಕೋರ್ ಏದುಸಿರು ಬಿಡುತ್ತಿತ್ತು. ಉಳಿದವು ಕಟ್ಟೆಯ ಮೇಲೆ ಕುಳಿತಂತಿದ್ದವು.

“ನನ್ನ ವಿಡಿಯೋಕ್ಕಾದ್ರೆ ಎಲ್ಲಾ ದುಡಿತಾವೆ ಮಾವ,” ಎಂದ ಅಳಿಯ, ತನ್ನ ಯಂತ್ರದ ಮರ್ಯಾದೆ ಉಳಿಸಲು.

ಅದೂ ನಿಜವೇ. ಒಂದು ಬೀದಿಯ ಬೋರ್ಡುಗಳನ್ನೆಲ್ಲ ನಾಲ್ಕು ಜನ ಹಂಚಿಕೊಂಡು ಬರೆದರೆ ಬೇಗ ಮುಗಿಯುತ್ತದೆ. ಒಂದೇ ಅಕ್ಷರವನ್ನು ನಾಲ್ವರು ಹಿಡಿದರೆ ಆಗುವುದಿಲ್ಲ. ನನ್ನ ಕುಂಚಕ್ಕೆ, ಬಹುಶಃ ಅವನ ಬಸ್ಸಿಗೂ, ಬೇಕಾದದ್ದು ಒಬ್ಬನೇ ಚುರುಕಾದ ಆಳು. ಹೊನ್ನಾಳಿಗೆ ಮರಳಿ ಹೋಗಿ, ಆರೇ ಕೋರ್ ಇದ್ದರೂ ಒಂದೊಂದೂ ವೇಗವಾಗಿರುವ ಹೊಸ ತಲೆಮಾರಿನ ಪ್ರೊಸೆಸರನ್ನು ಕೇಳಿದೆ. ಅಂಗಡಿಯವರು ನನ್ನನ್ನು ಜಿಪುಣನೆಂದುಕೊಂಡರು. ಅದಕ್ಕೆ ಹೊಂದುವ ಮದರ್‌ಬೋರ್ಡನ್ನೂ ಸೇರಿಸಿ ಅವರೇ ಜೋಡಿಸಿಕೊಟ್ಟರು.

ನನ್ನ ಗೆರೆ ಪೆನ್ನಿನ ಜೊತೆಗೇ ಬಂತು. ಹೆಂಡತಿಯ ತಮ್ಮನನ್ನು ಕರೆದೆ. ಅವನ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಊರೊಳಗೆ ವಾಹನಗಳ ನಡುವೆ ಬಸ್ಸು ಎಲ್ಲಿಯೂ ತಡವರಿಸಲಿಲ್ಲ. ನಿಲ್ದಾಣದ ತಿರುವು ಬಂತು, ಅವನು ಚಕ್ರವನ್ನು ತಿರುಗಿಸಿದ, ಬಸ್ಸು ಬಡಿಯಿತು. ಮತ್ತೆ ಮೊದಲಿನಿಂದ ಬಂದ. ಮತ್ತೆ ಬಡಿಯಿತು. ಮೂರನೆಯ ಸಲ ಬಡಿದಾಗ ಅವನು ಬಾಗಿ, ಚಕ್ರವನ್ನು ಮೇಜಿಗೆ ಬಿಗಿದಿದ್ದ ತಿರುಪನ್ನು ಬಿಚ್ಚತೊಡಗಿದ.

“ಆತಲ್ಲ ಭಾವ. ನಂದೇ ತಪ್ಪು. ಇನ್ನು ಈ ಚಕ್ರ ಯಾರಿಗಾದ್ರೂ ಕೊಟ್ಬಿಡ್ರಿ.”

“ನಾ ಮೊದ್ಲೇ ಹೇಳಿದ್ನಲ್ರಿ,” ಎಂದಳು ಅವನ ಅಕ್ಕ ನನಗೆ. “ಅವ್ನ ಪಾಡಿಗೆ ಅವ್ನು ಆಡ್ಕೊಂಡಿದ್ದ. ನಿಮ್ಗೆ ಎಲ್ಲಾ ಕೆದಕಿ ನೋಡ್ಬೇಕು.”

ಮಧ್ಯಾಹ್ನ ಸುಮ್ಮನೆ ಚಿತ್ರಕ್ಕೆ ಕುಳಿತೆ. ಗೆರೆಗಳ ತುದಿಯಲ್ಲೆಲ್ಲ ಬಣ್ಣ ಗಡ್ಡೆ ಕಟ್ಟುತ್ತಿತ್ತು. ಹಳೆಯ ಯಂತ್ರದಲ್ಲಿ ಗೆರೆ ಬಂದು ಸೇರಲಿ ಎಂದು ನಾನು ತುದಿಯಲ್ಲಿ ಪೆನ್ನನ್ನು ನಿಲ್ಲಿಸಿ ಕಾಯುತ್ತಿದ್ದೆ. ಈಗ ಕಾಯಬೇಕಾಗಿರಲಿಲ್ಲ, ಆದರೂ ಕೈ ಕಾಯುತ್ತಿತ್ತು. ಅದನ್ನು ಕಂಡಾಗ ಬೆಳಿಗ್ಗೆ ಬಸ್ಸು ಬಡಿದದ್ದು ಎಲ್ಲಿಗೆ ಎಂದು ಯೋಚಿಸಿದೆ. ಗೋಡೆಗಲ್ಲ. ತಿರುವಿನ ಒಳಗಿನ ಕಲ್ಲಂಚಿಗೆ.

ಹಿತ್ತಲಿನಲ್ಲಿ ಕುಳಿತಿದ್ದವನ ಬಳಿಗೆ ಹೋದೆ.

“ಕೈ ತಡ ಆಗಿದ್ರೆ ಹೊರಗಿನ ಗ್ವಾಡಿಗೆ ಹೊಡಿಬೇಕಿತ್ತು. ನೀನು ಒಳಗೆ ಹತ್ತಿಸಿದೆ. ಯಾಕೆ?”

ಅವನು ಗಾಳಿಯಲ್ಲಿಯೇ ಎರಡು ಕೈಯಿಂದ ಚಕ್ರ ಹಿಡಿದು ತಿರುಗಿಸಿ ನೋಡಿದ. ಮತ್ತೊಮ್ಮೆ ತಿರುಗಿಸಿದ.

“ಬೇಗ ಎಳಿತಿದೀನಿ,” ಎಂದ. “ಹಳೇ ಬಸ್ಸಿನ ಸ್ಟೇರಿಂಗು ಸಡಿಲ ಇರ್ತೈತೆ ಭಾವ. ತಿರುವು ಬರಾಕೆ ಮೊದ್ಲೇ ಎಳಿಬೇಕು. ಈ ಮಿಷಿನ್ನಿಗೂ ಹಂಗೇ ರೂಢಿ ಮಾಡ್ಕೊಂಡಿದ್ದೆ, ಅದರ ತಡಕ್ಕೆ ಅದೂ ಸಾಲ್ತಿರ್ಲಿಲ್ಲ. ಹೊಸ ಗಾಡಿ ಕೊಟ್ಟಾಗ ನಾವು ಜನ ಹತ್ತಿಸ್ತಿರ್ಲಿಲ್ಲ. ಮೊದ್ಲು ಖಾಲಿ ಒಂದು ಟ್ರಿಪ್ಪು ಹೊಡಿತಿದ್ವಿ, ಕೈ ಹೊಂದ್ಲಿ ಅಂತ.”

ಅದು ಅವರ ಕಸುಬಿನ ಪದ್ಧತಿ. ಅದನ್ನು ಬಲ್ಲವನೇ ಈ ಯಂತ್ರಕ್ಕೆ ಅದು ಅನ್ವಯಿಸುತ್ತದೆ ಎಂದುಕೊಂಡಿರಲಿಲ್ಲ. ಚಕ್ರವನ್ನು ಮತ್ತೆ ಬಿಗಿದೆವು. ಆಟದಲ್ಲಿ ಪ್ರಯಾಣಿಕರನ್ನೂ ಉಳಿದ ವಾಹನಗಳನ್ನೂ ತೆಗೆದುಹಾಕಿ ಆ ವಾರವೆಲ್ಲ ಖಾಲಿ ಊರಿನಲ್ಲಿ ಖಾಲಿ ಬಸ್ಸು ಓಡಿಸಿದ. ಕಲ್ಲಂಚಿಗೆ ಹತ್ತಿಸುವುದು ಕಡಿಮೆಯಾಯಿತು, ನಿಂತಿತು. ಆಮೇಲೆ ಜನರನ್ನು ಹತ್ತಿಸಿಕೊಂಡು ಬಂದ. ಬಸ್ಸು ನಿಲ್ದಾಣದೊಳಕ್ಕೆ ಸಲೀಸಾಗಿ ಬಂತು. ಕೆಲವೊಮ್ಮೆ ಮಾತ್ರ ಅದರ ಮಗ್ಗುಲು ಹೊರಗಿನ ಗೋಡೆಯನ್ನು ತುಸು ಸವರುತ್ತಿತ್ತು.

ಅವನ ಅಕ್ಕನಿಗೆ ಅಷ್ಟೇ ಸಾಕಾಯಿತು. ಕೈ ಸರಿಹೋಗಿದೆ, ಬಸ್ಸಿನ ಮಾಲೀಕರಿಗೆ ಫೋನ್ ಮಾಡು ಎಂದು ಹಟ ಹಿಡಿದಳು. ಅವಳ ಹಳೆಯ ನಂಬಿಕೆಯಷ್ಟೇ ಈ ಹೊಸ ನಂಬಿಕೆಗೂ ಆಧಾರ ತೆಳ್ಳಗಿತ್ತು, ಆದರೆ ಅದನ್ನು ಹೇಳುವ ಪ್ರಮೇಯ ನನಗೆ ಬರಲಿಲ್ಲ.

“ಇಲ್ಲಕ್ಕ. ಆ ಗ್ವಾಡಿಗೆ ಸವರೋದು ಐತಲ್ಲ, ಅದಿಷ್ಟು ನಂದೇ,” ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. “ಜನ ಕೂರಿಸ್ಕೊಂಡು ಓಡ್ಸಾಕೆ ಅಷ್ಟು ತಡಾನೂ ಆಗಾಕಿಲ್ಲ.”

ಅವಳು ಒಳಗೆ ಹೋದಳು. ಅವನು ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡು, ನಿಲ್ದಾಣದ ತಿರುವಿಗೆ ಮತ್ತೆ ಬಂದ.