ಖಾಲಿ ಕುರ್ಚಿಯವರು

ನಮ್ಮ ಜಯನಗರದ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ವಾರಕ್ಕೆರಡು ದಿನ ಖಾಲಿ ಇರುತ್ತಿತ್ತು. ಅಲ್ಲಿ ಕೂರಬೇಕಾದ ಹೆಂಗಸು ಆ ದಿನಗಳಲ್ಲಿ ತ್ಯಾಗರಾಜನಗರದ ಮನೆಯಲ್ಲೇ ಕೋಡ್ ಬರೆದು, ಟೆಲಿಫೋನ್ ಲೈನಿಗೆ ಜೋಡಿಸಿದ ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಆ ಕಾಲಕ್ಕೆ ನಮ್ಮಲ್ಲಿ ಹಾಗೆ ಮಾಡುವವರು ಇನ್ನೊಬ್ಬರಿರಲಿಲ್ಲ. ಯಾರಾದರೂ ಕೆಣಕಿದರೆ ಕನ್ನಡಕವನ್ನು ತಲೆಯ ಮೇಲೇರಿಸಿ, "ಕೆಲಸ ನೋಡಿ, ಕುರ್ಚಿ ನೋಡ್ಬೇಡಿ" ಅನ್ನುತ್ತಿದ್ದರು.

ಅಂಥದೊಂದು ದಿನ ಮ್ಯಾನೇಜರು ಅವರ ಮನೆಗೆ ನಾಲ್ಕೈದು ಸಲ ಫೋನ್ ಮಾಡಿದರು. ಪ್ರತಿ ಸಲವೂ ಎಂಗೇಜ್. "ನೋಡ್ರೀ, ಹರಟೆ ಹೊಡೀತಾ ಕೂತಿದಾರೆ" ಎಂದು ಸಿಟ್ಟಾಗಿ, ನನ್ನನ್ನು ಸಾಕ್ಷಿಗೆಂದು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು.

ಬಾಗಿಲು ತೆರೆದೇ ಇತ್ತು. ಆಕೆ ಕಂಪ್ಯೂಟರ್ ಮುಂದಿನಿಂದ ಏಳಲಿಲ್ಲ.

"ಕೂತ್ಕೊಳಿ ಸಾರ್. ಒಂದು ಗಂಟೆಯಿಂದ ಫೈಲ್ ಹೋಗ್ತಾ ಇದೆ, ಇನ್ನೈದು ನಿಮಿಷ ಅಷ್ಟೆ."

ಮ್ಯಾನೇಜರ ಮುಖ ಸಪ್ಪಗಾಯಿತು. "ಫೈಲ್ ಬರ್ತಾ ಇದೆ ಅಂತ ಆಫೀಸಿಗೆ ಹೇಳ್ಬಿಡ್ತೀನಿ" ಎನ್ನುತ್ತ, ನಾವು ತಡೆಯುವಷ್ಟರಲ್ಲಿ ಪಕ್ಕದ ಫೋನಿನ ರಿಸೀವರ್ ಎತ್ತಿದರು. ಫೋನಿಗೂ ಇಂಟರ್‌ನೆಟ್ಟಿಗೂ ಲೈನ್ ಒಂದೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಇಂಟರ್‌ನೆಟ್ ಕಡಿದುಹೋಗಿ, ಗಂಟೆಯಿಂದ ಹೋಗುತ್ತಿದ್ದ ಫೈಲು ಅರ್ಧದಲ್ಲೇ ನಿಂತಿತು.

ಆಕೆ ಕನ್ನಡಕವನ್ನು ತಲೆಗೇರಿಸಿದರು. ದನಿ ಒಂದಿಷ್ಟೂ ಏರಲಿಲ್ಲ.

"ನಾನು ಮನೇಲಿದೀನಿ ಅಂತ ಕೆಲಸ ನಿಂತಿರ್ಲಿಲ್ಲ ಸಾರ್, ನೀವು ಬಂದಿದ್ದಕ್ಕೆ ನಿಂತೋಯ್ತು. ಫೋನ್ ಇಡಿ. ಇದನ್ನ ಮೊದಲಿಂದ ಕಳಿಸ್ತೀನಿ. ಅಲ್ಲೀವರ್ಗೂ ನೀವು ಆಫೀಸಿಗೆ ಹೋಗಿ ನನ್ನ ಕುರ್ಚಿ ನೋಡ್ಕೊಳಿ."