ದೋಣಿಯಲ್ಲಿ ಹಿಂದೆ ಕೂತವಳು

ನನ್ನ ಕಿವಿ ಕೆಟ್ಟಿದೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಆಫ್ರಿಕದ ಆ ಕ್ಯಾಂಪಿಗೆ ಹೋಗುವ ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರೆಬರೆ ಉಳಿದಿತ್ತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಬೆನ್ನ ಹಿಂದಿನಿಂದ ಮಾತಾಡಿದರೆ ಯಾರೋ ಮಾತಾಡುತ್ತಿದ್ದಾರೆ ಅನ್ನುವಷ್ಟೇ ಗೊತ್ತಾಗುತ್ತಿತ್ತು. ಅಂಥ ಹೊತ್ತಿಗೆ ಅಂತಲೇ ಒಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. "ಆಯ್ತು ಬುಡು, ನೋಡನ." ಯಾರು ಏನು ಕೇಳಿದರೂ ಈ ಮಾತು ಹೊಂದಿಕೊಳ್ಳುತ್ತದೆ. ಬೇಕಾದರೆ ನೀವೇ ಒಂದು ದಿನ ಪ್ರಯತ್ನ ಮಾಡಿ ನೋಡಿ.

ಮುಚ್ಚಿಡುವುದಕ್ಕೆ ಕಾರಣ ಇತ್ತು. ನಮ್ಮದು ಹೊನ್ನವಳ್ಳಿ ಕಡೆಯ ತೋಟ. ನಾವು ಎಳನೀರು ಮಾರುವವರಲ್ಲ, ಉಂಡೆ ಕೊಬ್ಬರಿ ಮಾಡುವವರು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡಿದೆಯೋ ಇಲ್ಲವೋ ಅನ್ನುವುದನ್ನು ಒಡೆದು ನೋಡುವ ಹಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕಳಕ್ ಅಂದರೆ ನೀರು ಇನ್ನೂ ಇದೆ, ಗೊಟಗೊಟ ಅಂದರೆ ಒಳಗಿನ ಗಿಟುಕು, ಆ ಕೊಬ್ಬರಿ ಉಂಡೆ, ತಯಾರು. ಅದರ ನಡುವೆ ಇನ್ನೂ ನಾಲ್ಕು ಸದ್ದುಗಳಿವೆ, ಅವು ಎಲ್ಲರಿಗೂ ಸಿಕ್ಕುವುದಿಲ್ಲ. ನನಗೆ ಸಿಕ್ಕುತ್ತಿದ್ದವು. ಅಕ್ಕಪಕ್ಕದ ಊರಿನವರು ಅಟ್ಟ ಇಳಿಸುವ ಮುಂಚೆ ನನ್ನನ್ನು ಕರೆದುಕೊಂಡು ಹೋಗಿ, ಕಾಫಿ ಕೊಟ್ಟು, ಕಾಯಿ ಕೈಗಿಡುತ್ತಿದ್ದರು. ಅಂಥವನ ಕಿವಿ ಹೋಯಿತು ಅಂತ ಹೇಳಿಕೊಂಡು ತಿರುಗುವುದು ಹೇಗೆ? ನಮ್ಮಪ್ಪನ ಕಿವಿಯೂ ಕೊನೆಗೆ ಹೋಗಿತ್ತು. ಅವನ ಎದುರಿಗೇ ಜನ ತುಟಿ ಮಾತ್ರ ಆಡಿಸಿ ತಮಾಷೆ ಮಾಡುತ್ತಿದ್ದುದನ್ನು ನಾನು ನೋಡಿದ್ದೆ, ಜೊತೆಗೆ ನಕ್ಕೂ ಇದ್ದೆ. ಅದಕ್ಕೇ ಕಾಯನ್ನು ಕಿವಿಯ ಪಕ್ಕ ಹಿಡಿದ ಹಾಗೆ ನಟನೆ ಮಾಡಿ, ಅಂಗೈಗೆ ತಾಗುವ ಅದುರಿಕೆಯ ಮೇಲೆ ತೀರ್ಪು ಕೊಡುವುದನ್ನು ಕಲಿತೆ. ಹತ್ತಕ್ಕೆ ಎಂಟು ಸರಿಯಾಗುತ್ತಿತ್ತು. ಉಳಿದ ಎರಡಕ್ಕೆ ಹವಾಮಾನವನ್ನು ಬೈಯುತ್ತಿದ್ದೆ.

ಹೆಂಡತಿಯ ತಮ್ಮ ಬೋಟ್ಸ್ವಾನದಲ್ಲಿ ಫ್ರಿಜ್ಜು, ಜನರೇಟರು ರಿಪೇರಿ ಮಾಡುವವನು. ಪ್ರವಾಸಿಗಳ ದುಬಾರಿ ಕ್ಯಾಂಪುಗಳೇ ಅವನ ಗಿರಾಕಿಗಳು. ಅಕ್ಕನನ್ನು ಒಮ್ಮೆಯಾದರೂ ಕರೆಸಿಕೊಳ್ಳಬೇಕು ಅಂತ ಅವನಿಗೆ ಬಹಳ ದಿನದ ಹುಚ್ಚು. ಒಂದು ಆಷಾಢದಲ್ಲಿ, ಕ್ಯಾಂಪಿನವರ ಜೊತೆಗಿನ ಸ್ನೇಹದ ಮೇಲೆ ಮೂರು ದಿನ ನಮಗಾಗಿ ಹೊಂದಿಸಿದ. ತಾನು ಬರಲಿಲ್ಲ, ನಮ್ಮಿಬ್ಬರನ್ನೇ ಪುಟ್ಟ ವಿಮಾನ ಹತ್ತಿಸಿದ. ಮೇಲಿನಿಂದ ನೋಡಿದರೆ ಕಣ್ಣು ಹೋಗುವವರೆಗೂ ನೀರು, ನಡುನಡುವೆ ದುಂಡನೆಯ ದಿಬ್ಬಗಳು. ಹೆಂಡತಿ ನನ್ನ ಕಡೆ ತಿರುಗಿ, "ಸಾರಿನೊಳಗೆ ಮುದ್ದೆ ಇಟ್ಟಂಗೈತಲ್ರೀ" ಅಂದಳು. ಎದುರಿಗೆ ಅಂದದ್ದರಿಂದ ಅದು ನನಗೆ ಸಿಕ್ಕಿತು.

ಆ ನೀರು ಅಲ್ಲಿನ ಮಳೆಯದಲ್ಲವಂತೆ. ಬೇರೆ ದೇಶದ ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ಹಿಂದೆ ಬಿದ್ದ ಮಳೆ ನಿಧಾನಕ್ಕೆ ನಡೆದುಕೊಂಡು, ಒಣಗಾಲದಲ್ಲಿ ಬಂದು ತಲುಪುತ್ತದಂತೆ. ಬೋರಿಗೆ ಬೋರು ಕೊರೆಸಿಕೊಂಡು ಬದುಕುವ ನಮಗೆ ಅದು ಹೊಟ್ಟೆಕಿಚ್ಚಿನ ವಿಷಯ.

ಕ್ಯಾಂಪಿನ ವೈಭೋಗದ ಬಗ್ಗೆ ಏನು ಹೇಳಲಿ. ಟೆಂಟು ಅಂತ ಹೆಸರು, ಒಳಗೆ ನಮ್ಮ ನಡುಮನೆಗಿಂತ ದೊಡ್ಡ ಮಂಚ, ಸ್ನಾನಕ್ಕೆ ತಾಮ್ರದ ತೊಟ್ಟಿ, ಮುಂದೆ ನೀರಿನ ಮೇಲೆ ಚಾಚಿದ ಮರದ ಜಗಲಿ. ಕೂರಲು ಹೋದರೆ ಯಾರೋ ಬಂದು ಕುರ್ಚಿ ಎಳೆಯುತ್ತಿದ್ದರು. ಹೆಂಡತಿ ಮೊದಲ ದಿನ ಊಟ ಮಾಡಿ ತಟ್ಟೆ ತೊಳೆಯಲು ಎದ್ದುಬಿಟ್ಟಳು, ಕ್ಯಾಂಪಿನ ಕೆಲಸದವರು ಮೂವರು ಓಡಿಬಂದರು. ಅವಳು ಊರಿನಿಂದ ಚಟ್ನಿಪುಡಿ, ಕೊಬ್ಬರಿ, ಬೆಲ್ಲ ಕಟ್ಟಿಕೊಂಡು ಬಂದಿದ್ದಳು. ಬಿಳೀ ಬಟ್ಟೆ ಹಾಸಿದ ಮೇಜಿನ ಮೇಲೆ ಆ ಡಬ್ಬಿಗಳನ್ನು ಜೋಡಿಸಿ, ಅಡುಗೆಯವನಿಗೂ ತಿನ್ನಿಸಿದಳು.

ಕಷ್ಟವಾದದ್ದು ನನಗೆ. ಅಲ್ಲಿ ಎಲ್ಲರೂ ಕಿವಿಯಲ್ಲೇ ಬದುಕುತ್ತಾರೆ. ಬೇಲಿ ಇಲ್ಲ, ಹುಲ್ಲು ಆಳುದ್ದ. ಯಾವ ಪ್ರಾಣಿ ಎಲ್ಲಿದೆ ಅನ್ನುವುದು ಮೊದಲು ಕಿವಿಗೇ ತಿಳಿಯಬೇಕು. ಗೈಡು ಜೀಪು ನಿಲ್ಲಿಸಿ, ಇಂಜಿನ್ ಆರಿಸಿ, ಬೆರಳೆತ್ತುತ್ತಿದ್ದ. ಹೆಂಡತಿಯ ಕಣ್ಣು ಅರಳುತ್ತಿತ್ತು. ಅವಳದು ಅರಳಿದ್ದು ನೋಡಿಕೊಂಡು ನಾನೂ ಅರಳಿಸುತ್ತಿದ್ದೆ. ಸಿಂಹ ಗುಟುರು ಹಾಕಿತೋ, ಕೋತಿ ಕಿರುಚಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ದಿಬ್ಬಗಳ ಮೇಲೆ ಬೀಸಣಿಗೆ ಗರಿಯ ತಾಳೆಗಳಿದ್ದವು. ಆನೆ ಹಣೆ ಕೊಟ್ಟು ಮರ ಅಲ್ಲಾಡಿಸಿ, ಉದುರಿದ ಕಾಯಿ ಹೆಕ್ಕಿ ತಿನ್ನುತ್ತಿತ್ತು. ಅದು ಹೋದ ಮೇಲೆ ಗೈಡು ಒಂದು ಒಣಗಿದ ಕಾಯಿ ತಂದು ಕೊಟ್ಟ. ಮುಷ್ಟಿಯಷ್ಟು ದಪ್ಪ, ಕಂದು ಬಣ್ಣ. ಕೈ ತಾನಾಗಿ ಅದನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿತು. ಹೆಂಡತಿ ನಗುತ್ತಾ, ತನ್ನ ನಾಲ್ಕು ಇಂಗ್ಲಿಷು ಪದಗಳಲ್ಲಿ, ನನ್ನ ಕಿವಿ ತೋರಿಸಿ ತೋರಿಸಿ ಆ ಗೈಡಿಗೆ ಹೇಳಿದಳು: ಇವರ ಕಿವಿಯಂಥ ಕಿವಿ ನಮ್ಮ ಸೀಮೆಯಲ್ಲೇ ಇಲ್ಲ. ಅವನು ತಲೆದೂಗಿದ. ನಾನು ಗತ್ತಿನಿಂದ ಕಾಯಿ ಜೇಬಿಗೆ ಹಾಕಿಕೊಂಡೆ.

ಎರಡನೆಯ ದಿನ ಬೆಳಿಗ್ಗೆ ತಿಂಡಿಯಾದ ಮೇಲೆ ದೋಣಿಗೆ ಕರೆದೊಯ್ದರು. ಸಪೂರ ದೋಣಿ. ಒಬ್ಬರ ಹಿಂದೆ ಒಬ್ಬರು ಕಾಲು ಚಾಚಿ ಕೂರಬೇಕು. ಕೊನೆಯಲ್ಲಿ ದೋಣಿಯವನು ನಿಂತು ಗಳ ಹಾಕಿ ತಳ್ಳುತ್ತಾನೆ. "ನೀವು ಮುಂದೆ ಕೂತ್ಕಳಿ, ನಂಗೆ ಭಯ ಆಯ್ತದೆ" ಅಂದಳು ಹೆಂಡತಿ. ಅವಳು ಭಯಸ್ಥೆಯಲ್ಲ, ತುಂಬಿದ ಬಾವಿಗೆ ಇಳಿದು ಬಿಂದಿಗೆ ತೆಗೆದವಳು. ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ. ತಿರುಗಬಾರದು, ಅಲುಗಾಡಬಾರದು ಅಂತ ದೋಣಿಯವನು ಕೈಸನ್ನೆಯಲ್ಲಿ ಹೇಳಿದ.

ಜೊಂಡಿನ ನಡುವೆ ಹೋಗುತ್ತಿದ್ದೆವು. ನೀರು ತಿಳಿಯಾಗಿತ್ತು, ತಳದ ಹುಲ್ಲು ಒಂದೇ ಕಡೆ ಬಾಗಿ ನಿಂತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳ ಕೈ ನನ್ನ ಭುಜದ ಮೇಲೆ ಬಂದಿತು. ಕತ್ತಿನ ಹಿಂದೆ ಅವಳ ಉಸಿರು ಬೆಚ್ಚಗೆ ತಾಗಿತು. ಮಾತಾಡುತ್ತಿದ್ದಾಳೆ ಅಂತ ಗೊತ್ತಾಯಿತು. ನಿಲ್ಲಿಸಿ ನಿಲ್ಲಿಸಿ ಬಹಳ ಹೊತ್ತು ಮಾತಾಡಿದಳು. ಕಪ್ಪೆಯ ಬಗ್ಗೆ ಇರಬೇಕು, ಹೂವಿನ ಬಗ್ಗೆ ಇರಬೇಕು, ಶೆಟ್ಟಿಕೆರೆಗೆ ಕೊಟ್ಟ ಮಗಳ ಬಗ್ಗೆ ಇರಬೇಕು ಅಂದುಕೊಂಡೆ. ತಿರುಗಿ ಅವಳ ಬಾಯಿ ನೋಡಬಹುದಿತ್ತು. ಹೆಚ್ಚೆಂದರೆ ದೋಣಿ ಹೊಯ್ದಾಡುತ್ತಿತ್ತು, ಅಷ್ಟೇ. "ಕೇಳಿಸ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳು" ಅನ್ನಬಹುದಿತ್ತು. ಹಿಂದಿನ ದಿನವಷ್ಟೇ ನನ್ನ ಕಿವಿಯನ್ನು ಹೊಗಳಿದವಳಿಗೆ ಅದನ್ನು ಹೇಗೆ ಅನ್ನಲಿ? ಉಸಿರು ನಿಂತು, ಕೈ ಮಾತ್ರ ಕಾಯುತ್ತಿದೆ ಅನ್ನಿಸಿದಾಗ ತಲೆಯಾಡಿಸಿ ಅಂದೆ: "ಆಯ್ತು ಬುಡು, ಊರಿಗೋಗಿ ನೋಡನ."

ಕೈ ಇನ್ನೂ ಸ್ವಲ್ಪ ಹೊತ್ತು ಭುಜದ ಮೇಲೆ ಇತ್ತು. ಆಮೇಲೆ ತೆಗೆದಳು.

ಆ ದಿನ ಅವಳು ಹಗುರಾಗಿದ್ದಳು. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡಳು. ಜಗಲಿಯ ಮೇಲೆ ಕೂತು, ನೀರಿಗಿಳಿದ ಆನೆ ಮರಿಯನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಂಥ ಸುಖ ಇವಳಿಗೆ ಸಿಕ್ಕಿತಲ್ಲ ಅಂತ ನಾನು ಬೀಗಿದೆ.

ಊರಿಗೆ ಬಂದೆವು. ಕಾಯಿ ಕೀಳಿಸುವುದು, ಅಟ್ಟ ತುಂಬುವುದು, ಮೋಟರು ಸುಟ್ಟುಹೋಗುವುದು, ಎಲ್ಲ ಮಾಮೂಲು. ಅವಳು ಮಾತ್ರ ಬಡಿಸುವಾಗ ನನ್ನ ಮುಖ ನೋಡಿಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದಳು. ಒಂದು ದಿನ ಎದುರಿಗೇ ನಿಂತು ಕೇಳಿದಳು.

"ನೀವೇನೂ ಕೇಳಲ್ವಾ?"

"ಏನ್ ಕೇಳದು?"

"ಏನಿಲ್ಲ" ಅಂದು ಒಳಗೆ ಹೋದಳು. ಹೆಂಗಸರ ಮುನಿಸು, ತಾನೇ ಇಳಿಯುತ್ತದೆ ಅಂದುಕೊಂಡು ನಾನು ತೋಟಕ್ಕೆ ಹೋದೆ. ನನ್ನಂಥ ಗಂಡಸರಿಗೆ ಇದೊಂದು ದೊಡ್ಡ ಅನುಕೂಲ.

ಯುಗಾದಿ ಕಳೆದು ಅಟ್ಟದ ಕಾಯಿ ಇಳಿಸುವಾಗ ಸಹಾಯಕ್ಕೆ ಮಗಳು ಬಂದಳು. ಅಮ್ಮನ ಎಡಗೈ ಮೇಲಕ್ಕೆ ಏಳದ್ದನ್ನು ನೋಡಿ, ತಾನೇ ಎಣ್ಣೆ ಹಚ್ಚಿ ನೀರು ಹಾಕುತ್ತೇನೆ ಅಂತ ಬಚ್ಚಲಿಗೆ ಕರೆದುಕೊಂಡು ಹೋದಳು. ಹೊರಗೆ ಬಂದವಳೇ ನನ್ನ ಎದುರಿಗೆ ನಿಂತು ಹೇಳಿದಳು. ಅವಳಮ್ಮನ ಎದೆಯಲ್ಲಿ ಗಂಟೊಂದು ಎದ್ದು, ಒಡೆದು ಹುಣ್ಣಾಗಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ರಿಪೋರ್ಟು ಬಂದ ದಿನ ಮೂವರೂ ಡಾಕ್ಟರ ಮುಂದೆ ಕೂತೆವು. ಡಾಕ್ಟರು ಮುಖಕ್ಕೆ ಮಾಸ್ಕ್ ಹಾಕಿದ್ದರು, ಮಗಳೂ ಹಾಕಿದ್ದಳು, ಹೆಂಡತಿಯೂ ಹಾಕಿದ್ದಳು. ನನ್ನ ಪಾಲಿಗೆ ಆ ಕೋಣೆಯಲ್ಲಿ ಮೂರು ಜೊತೆ ಕಣ್ಣುಗಳು ಬಿಟ್ಟರೆ ಏನೂ ಇರಲಿಲ್ಲ. ಡಾಕ್ಟರು ಏನೋ ಕೇಳಿದರು. ಹೆಂಡತಿ ತಲೆ ತಗ್ಗಿಸಿ ಏನೋ ಹೇಳಿದಳು. ಮಗಳು ತಟ್ಟನೆ ನನ್ನ ಕಡೆ ತಿರುಗಿದಳು, ಅವಳ ಮಾಸ್ಕ್ ಅಲುಗಾಡಿತು. ನಾನು ತಲೆಯಾಡಿಸಿ ಹೂಂ ಅಂದೆ.

ಹೊರಗೆ ಕಾರಿಡಾರಿಗೆ ಬಂದ ಮೇಲೆ ಮಗಳು ಮಾಸ್ಕ್ ಕಿತ್ತು ಹಾಕಿದಳು. ಆಗ ಎಲ್ಲವನ್ನೂ ಅವಳ ಬಾಯಿಂದ ಓದಿದೆ. "ಅವತ್ತೇ ದೋಣೀಲಿ ಅಮ್ಮ ನಿಂಗೆ ಹೇಳಿದ್ಳಂತೆ. ಗಂಟಾಗೈತೆ, ಏನ್ ಮಾಡನ ಅಂತ. ನಿಂಗ್ ಗೊತ್ತಿತ್ತಾ ಅಂದ್ರೆ ಹೂಂ ಅಂತೀಯಲ್ಲಪ್ಪಾ! ಗೊತ್ತಿದ್ದೂ ಒಂಬತ್ತ್ ತಿಂಗ್ಳು ಸುಮ್ನಿದ್ದಾ?" ಅಕ್ಕಪಕ್ಕದವರು ತಿರುಗಿ ನೋಡಿದರು. ಕೂಗುತ್ತಿದ್ದಳು ಅಂತ ಕಾಣುತ್ತದೆ.

ಅವಳು ಔಷಧಿ ತರಲು ಹೋದಾಗ, ಬೆಂಚಿನ ಮೇಲೆ ಕೂತಿದ್ದ ಹೆಂಡತಿಗೆ ಹೇಳಿದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ ಹೇಳಿದೆ. ನಂಗೆ ಕಿವಿ ಕೇಳ್ಸಲ್ಲ ಕಣೇ. ಅವತ್ತು ನೀನು ಹೇಳಿದ್ದು ಒಂದಕ್ಷರ ಕೇಳ್ಸಿಲ್ಲ.

ಅವಳು ಮಾಸ್ಕ್ ಕೆಳಗಿಳಿಸಿ, ನಿಧಾನಕ್ಕೆ, ನನಗೆ ಕಾಣುವ ಹಾಗೆ ಮಾತಾಡಿದಳು.

"ಮತ್ತೆ ಇಷ್ಟ್ ದಿನ ಕಾಯಿ ಹೆಂಗ್ ನೋಡ್ತಿದ್ರಿ?"

"ಕೈಯಲ್ಲಿ."

"ಮನೇಲಿ ನಿಮ್ಮವ್ವ, ಆಳುಕಾಳು, ಬಂದೋರು ಹೋದೋರು. ಹೇಳಕ್ಕೆ ಜಾಗ ಇರ್ಲಿಲ್ಲ. ಅಲ್ಲಾದ್ರೆ ಕನ್ನಡ ಬರೋದು ನಮ್ಮಿಬ್ರಿಗೇ ಅಂತ ಹೇಳ್ದೆ. ಮುಖ ನೋಡ್ಕಂಡು ಹೇಳಕ್ಕೆ ನಾಚ್ಕೆ, ಅದಕ್ಕೆ ಹಿಂದೆ ಕೂತೆ. ಊರಿಗೋಗಿ ನೋಡನ ಅಂದ್ರಲ್ಲ, ನೀವೇ ಕೇಳ್ತೀರ ಅಂತ ನಿಮ್ ಬಾಯಿ ನೋಡ್ಕಂಡು ಕಾದೆ ಕಣ್ರೀ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆಪರೇಷನ್ನಿನ ಹಂತ ದಾಟಿದೆ, ಮೂಳೆಗೆ ಇಳಿದಿದೆ ಅಂದರು ಡಾಕ್ಟರು. ನೋವಿಗೆ ಕೊಡುತ್ತೇವೆ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಅಂದರು. ಮಗಳು ತಿಪಟೂರಿನಿಂದ ನನಗೊಂದು ಕಿವಿಯ ಮಿಷನ್ನು ತಂದು ಮೇಜಿನ ಮೇಲೆ ಇಟ್ಟಳು, ಕೈಗೆ ಕೊಡಲಿಲ್ಲ. ಹಾಕಿಕೊಂಡರೆ ಫ್ಯಾನು, ಮಿಕ್ಸಿ, ಬೀದಿಯ ಬೈಕು ಎಲ್ಲ ಒಟ್ಟಿಗೆ ತಲೆಗೆ ನುಗ್ಗುತ್ತವೆ. ಹೆಂಡತಿಯ ದನಿ ಆ ಹೊತ್ತಿಗೆ ಎಷ್ಟು ಇಳಿದಿತ್ತು ಅಂದರೆ ಮಿಷನ್ನಿಗೂ ಸಿಗುತ್ತಿರಲಿಲ್ಲ. ಗೋಡೆಯ ಕಡೆ ಮಗ್ಗುಲಾದರೆ ಮಾತ್ರ ಅವಳಿಗೆ ನೋವು ಕಡಿಮೆ. ಬೆನ್ನ ಮೇಲೆ ಅಂಗೈ ಇಟ್ಟರೆ ಮಾತಾಡುತ್ತಿದ್ದಾಳೆ ಅನ್ನುವುದು ಗೊತ್ತಾಗುತ್ತಿತ್ತು, ಏನು ಅನ್ನುವುದಲ್ಲ. ಕಾಯಿಗೆ ಅಷ್ಟು ಸಾಕಿತ್ತು.

ಒಂದು ಬೆಳಿಗ್ಗೆ ಮಂಚವನ್ನು ಗೋಡೆಯಿಂದ ಎಳೆದು, ಸಂದಿಯಲ್ಲಿ ಒಂದು ಮಣೆ ಹಾಕಿಕೊಂಡು, ಅವಳ ಮುಖಕ್ಕೆ ಮುಖ ಕೊಟ್ಟು ಕೂತೆ. ಬಿಸಿಲು ಅವಳ ತುಟಿಯ ಮೇಲೆ ಬೀಳುವ ಹಾಗೆ ಕಿಟಕಿ ತೆಗೆದೆ. ಆ ದಿನ ದೋಣಿಯಲ್ಲಿ ಹೇಳಿದ್ದನ್ನೆಲ್ಲ ಮೊದಲಿಂದ ಇನ್ನೊಂದು ಸಲ ಹೇಳು, ಗಂಟಿನ ಮಾತೊಂದಕ್ಕೇ ಅಷ್ಟು ಹೊತ್ತು ಹಿಡಿಯುವುದಿಲ್ಲ, ಬೇರೆ ಏನೇನು ಹೇಳಿದೆ, ಈಗ ಕೇಳಿಸಿಕೊಳ್ಳುತ್ತೇನೆ ಅಂತ ಬೇಡಿಕೊಂಡೆ. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ತುಟಿ ಅಲುಗಿತು. ಎರಡೇ ಮಾತು, ತಪ್ಪಿಲ್ಲದೆ ಓದಿದೆ.

"ಆಯ್ತು ಬುಡಿ."